ಶಿಲುಬೆಯ ಬುಡದ ತಲೆಬುರುಡೆ ಮನೆಗೆ ಕೇಡೇ?

ಓದುಗರ ಪ್ರಶ್ನೆ: ವಿರಾಜಪೇಟೆ ಸಮೀಪದ ನಮ್ಮ ಹಳೆಯ ಹೆಂಚಿನ ಮನೆಯಲ್ಲಿ ಎರಡು ತಿಂಗಳ ಹಿಂದೆ ಅಮ್ಮ ತೀರಿಕೊಂಡರು. ಅವರು ಪ್ರಾರ್ಥಿಸುತ್ತಿದ್ದ ಪೀಠದ ಮೂರು ವಸ್ತುಗಳು ನನ್ನ ಪಾಲಿಗೆ ಬಂದಿವೆ. ಒಂದು, ಒಂದೂವರೆ ಅಡಿ ಎತ್ತರದ ಕರಿಮರದ ಶಿಲುಬೆ. ಅದರ ಮೇಲಿನ ಯೇಸುವಿನ ಸ್ವರೂಪ (ಮೂರ್ತಿ) ಬಿಳಿಯದು, ದಂತವಿರಬಹುದು ಎನ್ನುತ್ತಾರೆ. ಪಾದದ ಕೆಳಗೆ ಹಿತ್ತಾಳೆಯ ತಲೆಬುರುಡೆ, ಎರಡು ಅಡ್ಡ ಮೂಳೆ ಇವೆ. ಎರಡು, ಯೇಸುವಿನ ಪವಿತ್ರ ಹೃದಯದ ದೊಡ್ಡ ಪಟ. ಅದರ ಚೌಕಟ್ಟಿನಲ್ಲಿ ನಮ್ಮ ಬೇಲಿಯ ಪ್ಯಾಶನ್ ಫ್ರೂಟ್ ಹೂವಿನಂಥದೇ ಕೆತ್ತನೆ, ಗಾಜಿನೊಳಗೆ ಬೂಷ್ಟು. ಮೂರು, ಬಿಳಿ ಹಕ್ಕಿಯೊಂದು ತನ್ನ ಎದೆ ಬಗೆದು ಮರಿಗಳಿಗೆ ರಕ್ತ ಕುಡಿಸುವ ಚಿಕ್ಕ ಚಿತ್ರ, ಗಾಜು ಒಡೆದಿದೆ. ಪ್ರಾರ್ಥನಾ ಕೂಟವೊಂದಕ್ಕೆ ಹೋಗುವ ನನ್ನ ಅಣ್ಣ ಬುರುಡೆ ಮತ್ತು ಹಕ್ಕಿ ಮಾಟದ ಗುರುತು, ಮನೆಯಲ್ಲಿಡಬೇಡ ಎನ್ನುತ್ತಾನೆ. ಪಟದಲ್ಲಿರುವುದು ಯೇಸುವಿನ ಮುಖವೇ ಅಲ್ಲ, ಯಾವನೋ ಪೋಪನ ಮಗನದು ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಎಲ್ಲವನ್ನೂ ಕಾವೇರಿಗೆ ಬಿಡು ಎಂದು ಒಬ್ಬರು, ಶಿಲುಬೆಯನ್ನು ನನಗೆ ಕೊಡಿ ಒಳ್ಳೆಯ ದುಡ್ಡು ಕೊಡುತ್ತೇನೆ ಎಂದು ಮೈಸೂರಿನ ಹಳೆಸಾಮಾನಿನ ವ್ಯಾಪಾರಿ. ಇನ್ನೇನು ಮಳೆಗಾಲ. ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಚಿಂತೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಚಿತ್ರಗಳ ಅರ್ಥವೇನು, ವಸ್ತುಗಳನ್ನು ಉಳಿಸುವುದು ಹೇಗೆ, ಮಾರಬಹುದೇ ಬಿಡಬಹುದೇ ಎನ್ನುವುದು. ಮೊದಲನೆಯದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಕೊನೆಯದರಲ್ಲಿ ಇದೆ, ಮತ್ತು ಅದಕ್ಕೆ ದಿನ ಲೆಕ್ಕವಿದೆ. ಆತುರವಿದ್ದರೆ ದಂತದ ಭಾಗವನ್ನು ಮೊದಲು ಓದಿ.

ತಲೆಬುರುಡೆಯಿಂದ ಶುರುಮಾಡೋಣ. ಯೇಸುವನ್ನು ಶಿಲುಬೆಗೇರಿಸಿದ ಜಾಗಕ್ಕೆ ಗೊಲ್ಗೊಥಾ, ಅಂದರೆ ಕಪಾಲದ ಸ್ಥಳ, ಎಂಬ ಹೆಸರಿತ್ತೆಂದು ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕೂ ಶುಭಸಂದೇಶಗಳು ಒಂದಲ್ಲ ಒಂದು ರೀತಿಯಲ್ಲಿ ಹೇಳುತ್ತವೆ. ಆ ಹೆಸರು ಯಾಕೆ ಬಂತೆಂದು ಬೈಬಲ್ ವಿವರಿಸುವುದಿಲ್ಲ. ಆ ಖಾಲಿ ಜಾಗದಲ್ಲಿ ಬೆಳೆದದ್ದೇ ಐತಿಹ್ಯ: ಮೊದಲ ಮನುಷ್ಯ ಆದಾಮನನ್ನು ಹೂತದ್ದು ಅಲ್ಲೇ, ಶಿಲುಬೆಯ ಕಂಬ ನೆಟ್ಟದ್ದು ಅವನ ಸಮಾಧಿಯ ಮೇಲೇ, ಯೇಸುವಿನ ರಕ್ತ ಬಂಡೆಯ ಬಿರುಕಿನಲ್ಲಿ ಇಳಿದು ಆದಾಮನ ತಲೆಬುರುಡೆಯನ್ನು ತೊಳೆಯಿತು. 3ನೆಯ ಶತಮಾನದಲ್ಲಿ ಕ್ರೈಸ್ತ ಪಂಡಿತ ಒರಿಜೆನ್ ಈ ಪರಂಪರೆಯನ್ನು ಉಲ್ಲೇಖಿಸುತ್ತಾನೆ. ಬೈಬಲನ್ನು ಲ್ಯಾಟಿನ್‌ಗೆ ತಂದ ಸಂತ ಜೆರೋಮ್ ಮಾತ್ರ ಮತ್ತಾಯನ ವ್ಯಾಖ್ಯಾನದಲ್ಲಿ ಇದನ್ನು ಒಪ್ಪಲಿಲ್ಲ. ಜನರ ಕಿವಿಗೆ ಇಂಪಾದ ವಿವರಣೆ, ಆದರೆ ಸತ್ಯವಲ್ಲ, ಮರಣದಂಡನೆಯ ಜಾಗವಾದ್ದರಿಂದ ಆ ಹೆಸರು ಬಂದಿದೆ ಎಂಬುದು ಅವನ ನಿಲುವು. ಜೆರೋಮ್ ಸೋತ, ಕತೆ ಗೆದ್ದಿತು. ಜೆರುಸಲೇಮಿನ ಪವಿತ್ರ ಸಮಾಧಿ ದೇವಾಲಯದಲ್ಲಿ ಕಲ್ವಾರಿಯ, ಅಂದರೆ ಗೊಲ್ಗೊಥಾದ, ಬಂಡೆಯ ಕೆಳಗೆ ಇವತ್ತಿಗೂ ಆದಾಮನ ಪ್ರಾರ್ಥನಾಲಯವಿದೆ.

ಚಿತ್ರಕಾರರಿಗೂ ಶಿಲ್ಪಿಗಳಿಗೂ ಇದು ದೊಡ್ಡ ಅನುಕೂಲವಾಯಿತು. ಮೇಲೆ ಯೇಸು, ಕೆಳಗೆ ಆದಾಮ. ಒಬ್ಬನಿಂದ ಸಾವು ಬಂತು, ಇನ್ನೊಬ್ಬನಿಂದ ಬಿಡುಗಡೆ ಬಂತು ಎನ್ನುವ ಸಂತ ಪೌಲನ ವಾದವನ್ನು ಅಕ್ಷರ ಬಾರದವನಿಗೂ ತೋರಿಸಬಹುದಾಯಿತು. ಅಡ್ಡ ಮೂಳೆಗಳು ಅದೇ ಸಮಾಧಿಯ ಗುರುತು. ಕೆಲವು ಶಿಲುಬೆಗಳಲ್ಲಿ ಬುರುಡೆಯ ಜೊತೆ ಹಾವೂ ಇರುತ್ತದೆ, ಏದೆನ್ ತೋಟದ್ದು. ಕಡಲ್ಗಳ್ಳರ ಬಾವುಟ, ವಿಷದ ಬಾಟಲಿಯ ಚೀಟಿ, ಟ್ರಾನ್ಸ್‌ಫಾರ್ಮರಿನ ಅಪಾಯದ ಫಲಕ ನೋಡಿ ಬೆಳೆದ ಕಣ್ಣಿಗೆ ಬುರುಡೆ ಎಂದರೆ ಕೇಡು ಎನ್ನಿಸುವುದು ಸಹಜ. ನಿಮ್ಮ ಅಮ್ಮನ ಶಿಲುಬೆಯಲ್ಲಿ ಅದು ಹೇಳುವುದು ಸೋತ ಸಾವಿನ ವಿಚಾರ.

ಅಣ್ಣನ ಮಾತಿನಲ್ಲಿ ಎರಡು ಬೇರೆ ಸಂಗತಿಗಳಿವೆ. ಸ್ವರೂಪ, ಪಟಗಳನ್ನು ಇಟ್ಟು ಪ್ರಾರ್ಥಿಸಬಾರದು ಎಂಬುದು ಅನೇಕ ಪ್ರೊಟೆಸ್ಟೆಂಟ್ ಸಭೆಗಳ ಪ್ರಾಮಾಣಿಕ ನಿಲುವು, ವಿಗ್ರಹ ಮಾಡಬೇಡ ಎನ್ನುವ ದಶಾಜ್ಞೆಯ ಆಧಾರ ಅವರಿಗಿದೆ. ಕಥೋಲಿಕರ ಉತ್ತರ 787ರ ಬಿಷಪರ ಎರಡನೆಯ ನೈಸಿಯಾ ಮಹಾಸಭೆಯದು: ಚಿತ್ರಕ್ಕೆ ತೋರುವ ಗೌರವ ಚಿತ್ರದಲ್ಲಿರುವವನಿಗೆ ಸಲ್ಲುತ್ತದೆ. ಹನ್ನೆರಡು ಶತಮಾನ ದಾಟಿದ ಈ ಜಗಳವನ್ನು ನಿಮ್ಮ ಮನೆಯ ಜಗುಲಿಯಲ್ಲಿ ಬಗೆಹರಿಸಬೇಕಿಲ್ಲ. ಆದರೆ ಮಾಟದ ಗುರುತು ಎನ್ನುವುದು ನಂಬಿಕೆಯ ವಿಷಯವಲ್ಲ, ಚರಿತ್ರೆಯ ಕುರಿತ ಹೇಳಿಕೆ, ಮತ್ತು ಅದು ತಪ್ಪು.

ಹಕ್ಕಿಯ ವಿಷಯ ಇನ್ನೂ ಸೊಗಸು. ಅದು ಪೆಲಿಕನ್, ನಮ್ಮ ಹೆಜ್ಜಾರ್ಲೆಯ ಬಳಗ. ಅಲೆಕ್ಸಾಂಡ್ರಿಯಾ ಕಡೆ ಹುಟ್ಟಿದ ಫಿಸಿಯಾಲಗಸ್ ಎಂಬ ಪ್ರಾಚೀನ ಗ್ರೀಕ್ ಪುಸ್ತಕ ಪ್ರಾಣಿಗಳ ಗುಣಗಳನ್ನು ಹೇಳಿ ಪ್ರತಿಯೊಂದಕ್ಕೂ ಧರ್ಮದ ಅರ್ಥ ಕೊಡುತ್ತದೆ. ಅದರ ಪ್ರಕಾರ ಬೆಳೆದ ಮರಿಗಳು ತಂದೆತಾಯಿಯ ಮುಖಕ್ಕೆ ಹೊಡೆಯುತ್ತವೆ, ಸಿಟ್ಟಿನಲ್ಲಿ ತಂದೆತಾಯಿ ಅವನ್ನು ಕೊಲ್ಲುತ್ತವೆ. ಮೂರನೆಯ ದಿನ ತಾಯಿ ತನ್ನ ಪಕ್ಕೆ ಸೀಳಿ ರಕ್ತ ಸುರಿದು ಅವನ್ನು ಬದುಕಿಸುತ್ತಾಳೆ. ಬರಗಾಲದಲ್ಲಿ ಹಸಿದ ಮರಿಗಳಿಗೆ ರಕ್ತ ಉಣಿಸಿದಳು ಎಂಬ ಮೆದುವಾದ ರೂಪ ಹೆಚ್ಚು ಹರಡಿತು. ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಯೇಸುವಿನ ದೇಹ, ರಕ್ತವೆಂದು ಸ್ವೀಕರಿಸುವ ರೊಟ್ಟಿ ದ್ರಾಕ್ಷಾರಸದ, ಕುರಿತು 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರ ಹೆಸರಿನಲ್ಲಿರುವ ಲ್ಯಾಟಿನ್ ಸ್ತೋತ್ರ ಯೇಸುವನ್ನೇ ಕರುಣೆಯ ಪೆಲಿಕನ್ ಎಂದು ಕರೆಯುತ್ತದೆ. ಹಳೆಯ ಚರ್ಚುಗಳ ಪೀಠದಲ್ಲಿ, ಪರಮಪ್ರಸಾದದ ಪೆಟ್ಟಿಗೆಯ ಬಾಗಿಲಲ್ಲಿ ಈ ಹಕ್ಕಿ ಕಾಣುವುದು ಇದಕ್ಕೇ.

ನಿಜದ ಹಕ್ಕಿ ಹೀಗೆ ಮಾಡುವುದಿಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಮರಿಗಳಿರುವ ಕಾಲದಲ್ಲಿ ಹೋದರೆ ಕತೆಯ ಮೂಲ ಕಣ್ಣಿಗೇ ಬೀಳುತ್ತದೆ. ಹೆಜ್ಜಾರ್ಲೆ ಕೊಕ್ಕನ್ನು ಎದೆಗೊತ್ತಿ ನುಂಗಿದ ಮೀನನ್ನು ಗಂಟಲಚೀಲಕ್ಕೆ ತರುತ್ತದೆ, ಮರಿ ತಲೆಯನ್ನೇ ಆ ಚೀಲದೊಳಗೆ ತೂರಿಸಿ ಅರೆಜೀರ್ಣವಾದ ಮೀನು ತಿನ್ನುತ್ತದೆ. ಯೂರೋಪಿನ ಕಡೆಯ ಒಂದು ಜಾತಿಯ ಪೆಲಿಕನ್‌ಗೆ ಮರಿ ಮಾಡುವ ಕಾಲದಲ್ಲಿ ಗಂಟಲಚೀಲ ಕೆಂಪಾಗುತ್ತದೆ. ದೂರದಿಂದ ನೋಡಿದವರಿಗೆ ಅದು ಎದೆ ಬಗೆದಂತೆ ಕಂಡಿರಬೇಕು. ನಿಮ್ಮ ಚಿತ್ರದ ಹಕ್ಕಿಗೆ ಗಂಟಲಚೀಲವೇ ಇಲ್ಲದೆ ಹದ್ದಿನ ಕೊಕ್ಕೋ ಹಂಸದ ಕತ್ತೋ ಇದ್ದರೆ ಆಶ್ಚರ್ಯವಿಲ್ಲ. ಅದನ್ನು ಬರೆದವರಲ್ಲಿ ಹೆಚ್ಚಿನವರು ಪೆಲಿಕನ್ನನ್ನು ಕಂಡೇ ಇರಲಿಲ್ಲ.

ಚೌಕಟ್ಟಿನ ಹೂವನ್ನು ನೀವು ಸರಿಯಾಗಿ ಗುರುತಿಸಿದ್ದೀರಿ. ಕೊಡಗಿನ ಅಂಗಡಿಗಳಲ್ಲಿ ಸ್ಕ್ವಾಷ್ ಬಾಟಲಿಯಾಗಿ ಮಾರಾಟವಾಗುವ ಹಣ್ಣಿನ ಹೂವೇ. ದಕ್ಷಿಣ ಅಮೆರಿಕದಲ್ಲಿ ಈ ಬಳ್ಳಿಯನ್ನು ಕಂಡ ಮಿಷನರಿಗಳು ಅದರಲ್ಲಿ ಯೇಸುವಿನ ಯಾತನೆಯ ಕತೆಯನ್ನು ಓದಿದರು. ಹೆಸರು ಬಂದದ್ದೂ ಅಲ್ಲಿಂದಲೇ. ಬೇಲಿಯಿಂದ ಒಂದು ಹೂ ಕಿತ್ತು ನೋಡಿ: ನಡುವಿನ ಮೂರು ಶಲಾಕೆಗಳು ಮೂರು ಮೊಳೆ, ಕೆಳಗಿನ ಐದು ಪರಾಗಕೋಶಗಳು ಐದು ಗಾಯ, ಸುತ್ತಲಿನ ಎಳೆಗಳು ಮುಳ್ಳಿನ ಕಿರೀಟ, ಬಳ್ಳಿಯ ಕುಡಿ ಚಾಟಿ. ಪುಷ್ಪಪತ್ರ, ದಳ ಸೇರಿ ಹತ್ತು, ಅಂದರೆ ಹನ್ನೆರಡು ಶಿಷ್ಯರಲ್ಲಿ ಹಿಡಿದುಕೊಟ್ಟ ಯೂದನನ್ನೂ ಅರಿಯೆನೆಂದ ಪೇತ್ರನನ್ನೂ ಬಿಟ್ಟು ಉಳಿದವರು. ಪೇತ್ರನನ್ನು ಬಿಟ್ಟದ್ದು ಲೆಕ್ಕ ಹೊಂದಿಸುವುದಕ್ಕೆ ಎಂದು ನನ್ನ ಗುಮಾನಿ.

ಶಿಲುಬೆಯ ತುದಿಯ ಫಲಕದಲ್ಲಿ ಐ ಎನ್ ಆರ್ ಐ ಎಂಬ ನಾಲ್ಕು ಅಕ್ಷರಗಳಿದ್ದರೆ ಅದೂ ಮಂತ್ರವಲ್ಲ. ನಜರೇತಿನ ಯೇಸು, ಯೆಹೂದ್ಯರ ಅರಸ ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳು. ಯೇಸುವಿಗೆ ಮರಣದಂಡನೆ ವಿಧಿಸಿದ ರೋಮನ್ ಅಧಿಪತಿ ಪಿಲಾತ ಅದನ್ನು ಹೀಬ್ರೂ, ಲ್ಯಾಟಿನ್, ಗ್ರೀಕ್ ಮೂರರಲ್ಲೂ ಬರೆಸಿದನೆಂದು ಯೊವಾನ್ನನ ಶುಭಸಂದೇಶ ಹೇಳುತ್ತದೆ. ಎರಡು ಪಾದಕ್ಕೆ ಒಂದೇ ಮೊಳೆ ಇದ್ದರೆ ಶಿಲುಬೆ ನಕಲಿ ಎಂಬ ಮಾತು ಕೂಡ ಓಡಾಡುತ್ತದೆ. ಪಶ್ಚಿಮದ ಕಲೆಯಲ್ಲಿ ಮೊದಲು ನಾಲ್ಕು ಮೊಳೆ ರೂಢಿಯಲ್ಲಿತ್ತು, 13ನೆಯ ಶತಮಾನದಿಂದೀಚೆಗೆ ಮೂರು ಹೆಚ್ಚಾಯಿತು, ಅಷ್ಟೆ.

ಇನ್ನು ಪವಿತ್ರ ಹೃದಯದ ಪಟ. ಫ್ರಾನ್ಸಿನ ಪಾರೆ-ಲ್-ಮೊನಿಯಾಲ್ ಕಾನ್ವೆಂಟಿನಲ್ಲಿ ಸಂತ ಮಾರ್ಗರೆಟ್ ಮರಿಯ ಅಲಕೋಕ್ 1673ರಿಂದ 1675ರ ನಡುವೆ ಕಂಡ ದರ್ಶನಗಳು ಈ ಭಕ್ತಿಗೆ ಬಲ ಕೊಟ್ಟವು. ಹೃದಯದ ಮೇಲಿನ ಜ್ವಾಲೆ ಪ್ರೀತಿ, ಸೀಳು ಈಟಿಯ ಗಾಯ, ಸುತ್ತಿದ ಮುಳ್ಳು ಮನುಷ್ಯರ ಪಾಪ, ಮೇಲೆ ನೆಟ್ಟ ಚಿಕ್ಕ ಶಿಲುಬೆ. ಮನೆಮನೆಯ ಪಟಗಳ ಹಿಂದಿರುವ ಚಿತ್ರ ಪೊಂಪೆಯೊ ಬಟೋನಿ 1767ರಲ್ಲಿ ರೋಮಿನ ಜೆಸುಯಿಟರ ಜೆಸು ಚರ್ಚಿಗಾಗಿ ಬರೆದದ್ದು, ತಾಮ್ರದ ತಗಡಿನ ಮೇಲೆ. ಅದರಲ್ಲಿ ಯೇಸು ಹೃದಯವನ್ನು ಕೈಯಲ್ಲಿ ಹಿಡಿದಿದ್ದಾನೆ. ಮುಂದೆ ಅಚ್ಚಿನ ಪಟಗಳಲ್ಲಿ ಹೃದಯ ಎದೆಗೆ ಬಂತು.

ಪೋಪನ ಮಗನ ಕತೆಯಲ್ಲಿ ಬರುವವನು ಚೆಸಾರೆ ಬೋರ್ಜಿಯಾ, ಪೋಪ್ ಆರನೆಯ ಅಲೆಕ್ಸಾಂಡರನ ಮಗ. ಹುಟ್ಟಿದ್ದು 1475ರಲ್ಲಿ. ಈಜಿಪ್ಟಿನ ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಲ್ಲಿರುವ ಗಡ್ಡ, ಉದ್ದ ಕೂದಲು, ನಡುಬೈತಲೆಯ ಯೇಸುವಿನ ಚಿತ್ರ 6ನೆಯ ಶತಮಾನದ್ದು. ಒಂಬತ್ತು ನೂರು ವರ್ಷ ಮೊದಲೇ ಇದ್ದ ಮುಖವನ್ನು ಬೋರ್ಜಿಯಾನಿಂದ ತಂದರೆನ್ನಲು ಬರುವುದಿಲ್ಲ. ಹಾಗೆಂದು ಪಟದ ಮುಖ ಯೇಸುವಿನ ನಿಜಮುಖ ಎಂದೂ ಯಾರೂ ಹೇಳಲಾರರು. ಶುಭಸಂದೇಶಗಳಲ್ಲಿ ಅವನ ರೂಪದ ವರ್ಣನೆಯೇ ಇಲ್ಲ, 3ನೆಯ ಶತಮಾನದ ಚಿತ್ರಗಳಲ್ಲಿ ಅವನು ಗಡ್ಡವಿಲ್ಲದ ಯುವಕ. ಪಿಲಾತನ ಕಾಲದ ಅಧಿಕಾರಿ ಲೆಂಟುಲಸ್ ಬರೆದನೆಂಬ, ಕೂದಲ ಬಣ್ಣದವರೆಗೂ ವರ್ಣಿಸುವ ಪತ್ರ ಮಧ್ಯಯುಗದ ಕೊನೆಯ ಸೃಷ್ಟಿ. ಯೇಸುವಿನ ಮುಖ ಒರೆಸಿ ಅದರ ಅಚ್ಚನ್ನು ಬಟ್ಟೆಯಲ್ಲಿ ಪಡೆದಳೆನ್ನುವ ವೆರೋನಿಕಾ, ಅವನ ಕೊನೆಯ ನಡಿಗೆಯನ್ನು ನೆನೆಯುವ ಶಿಲುಬೆಹಾದಿ ಪ್ರಾರ್ಥನೆಯ ಆರನೆಯ ಸ್ಥಳದಲ್ಲಿದ್ದಾಳೆ, ಶುಭಸಂದೇಶಗಳಲ್ಲಿ ಇಲ್ಲ.

ಅರ್ಥದ ಮಾತು ಸಾಕು. ದಂತಕ್ಕೆ ಬರೋಣ.

ಗೋವಾದ ಕುಶಲಕರ್ಮಿಗಳು ಪೋರ್ಚುಗೀಸರ ಕಾಲದಲ್ಲಿ ದಂತದ ಯೇಸು, ಮರಿಯಮ್ಮನ ಸ್ವರೂಪಗಳನ್ನು ಕೆತ್ತುತ್ತಿದ್ದರು. ಕೊಡಗಿನ ಅರಸ ದೊಡ್ಡವೀರರಾಜೇಂದ್ರನ ಆಶ್ರಯ ಪಡೆದು ವಿರಾಜಪೇಟೆಯಲ್ಲಿ ನೆಲೆನಿಂತ ಕರಾವಳಿ ಮೂಲದ ಕಥೋಲಿಕ ಮನೆತನಗಳಲ್ಲಿ ಅಂಥದೊಂದು ಉಳಿದಿರುವುದು ಅಸಾಧ್ಯವಲ್ಲ. ಆದರೆ ಬಿಳಿಯದ್ದೆಲ್ಲ ದಂತವಲ್ಲ. ಭೂತಗನ್ನಡಿಯಲ್ಲಿ ಸ್ವರೂಪದ ಅಡಿ, ತೋಳಿನ ಸಂದು, ಬೆನ್ನು ನೋಡಿ. ಅಡ್ಡ ಕೊಯ್ದ ಭಾಗದಲ್ಲಿ ಒಂದನ್ನೊಂದು ಕತ್ತರಿಸುವ ನವಿರು ಬಾಗುಗೆರೆಗಳ ಜಾಲ ಕಂಡರೆ ದಂತ. ಸಣ್ಣ ಕಪ್ಪು ಚುಕ್ಕೆ, ಗೀರುಗಳಿದ್ದರೆ ಮೂಳೆ. ಬದಿಯಲ್ಲಿ ಅಚ್ಚಿನ ಅಂಚು ಕಂಡರೆ ಪ್ಲಾಸ್ಟಿಕ್ ಅಥವಾ ಸೆಲ್ಯುಲಾಯ್ಡ್. ದಂತದ ದೇಹ ಸಾಮಾನ್ಯವಾಗಿ ಕೊಂಬಿನ ಬಾಗಿಗೆ ತಕ್ಕಂತೆ ತುಸು ವಾಲಿರುತ್ತದೆ, ತೋಳುಗಳನ್ನು ಬೇರೆ ತುಂಡಿನಲ್ಲಿ ಮಾಡಿ ಸೇರಿಸಿರುತ್ತಾರೆ. ಕಾಯಿಸಿದ ಸೂಜಿ ಚುಚ್ಚಿ ನೋಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ದಂತವಾದರೆ ಕಲೆ ಶಾಶ್ವತ, ಸೆಲ್ಯುಲಾಯ್ಡ್ ಆದರೆ ಭಗ್ಗನೆ ಹತ್ತಿಕೊಳ್ಳುತ್ತದೆ.

ದಂತವೆಂದು ತೋರಿದರೆ ವ್ಯಾಪಾರಿಯ ಜೊತೆ ಮಾತು ಅಲ್ಲಿಗೇ ನಿಲ್ಲಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಆನೆದಂತದ ವಸ್ತುವಿನ ಮಾರಾಟ ಅಪರಾಧ, ವಸ್ತು ಎಷ್ಟು ಹಳೆಯದಾದರೂ, ದೇವರದ್ದಾದರೂ. ಶಿಕ್ಷೆ 3ರಿಂದ 7 ವರ್ಷದ ಸೆರೆ. ಇಟ್ಟುಕೊಳ್ಳುವುದಕ್ಕೂ ಮಾಲೀಕತ್ವದ ಪ್ರಮಾಣಪತ್ರ ಬೇಕು. ವಾರಸಿನಿಂದ ಬಂದರೆ ಬಂದ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕೆಂದು 40ನೆಯ ಸೆಕ್ಷನ್ ಹೇಳುತ್ತದೆ. ಅಮ್ಮ ತೀರಿಕೊಂಡು ಎರಡು ತಿಂಗಳು ಎಂದಿದ್ದೀರಿ, ಉಳಿದಿರುವುದು ಒಂದು ತಿಂಗಳು. ಮೊದಲು ಅಮ್ಮನ ಕಾಗದಪತ್ರಗಳಲ್ಲಿ ಹಳೆಯ ಪ್ರಮಾಣಪತ್ರವೋ ಘೋಷಣೆಯ ನಕಲೋ ಇದೆಯೇ ಹುಡುಕಿ. ಇದ್ದರೆ ದಾರಿ ಸಲೀಸು. ಇಲ್ಲದಿದ್ದರೆ ವಕೀಲರೊಬ್ಬರನ್ನು ಕಂಡು, ಅವರ ಮೂಲಕವೇ ವಿರಾಜಪೇಟೆ ಅರಣ್ಯ ವಿಭಾಗದ ಕಚೇರಿಗೆ ಹೋಗಿ. ಅಳತೆ, ತೂಕ, ನಾಲ್ಕೂ ಕಡೆಯ ಫೋಟೊ, ಮರಣ ಪ್ರಮಾಣಪತ್ರ, ಅಮ್ಮನ ಪೀಠದಲ್ಲಿ ಶಿಲುಬೆ ಕಾಣುವ ಹಳೆಯ ಕುಟುಂಬದ ಫೋಟೊ ಜೊತೆಗಿರಲಿ. ಅಷ್ಟರಲ್ಲಿ ಅದನ್ನು ಬೇರೆ ಊರಿಗೆ ಸಾಗಿಸಬೇಡಿ, ಯಾರಿಗೂ ಉಡುಗೊರೆ ಕೊಡಬೇಡಿ, ಫೇಸ್‌ಬುಕ್ಕಿಗೆ ಹಾಕಬೇಡಿ. ಚರ್ಚಿಗೆ ದಾನ ಮಾಡುತ್ತೇನೆಂದರೂ ಈ ಕಾಗದ ಬೇಕೇ ಬೇಕು. ಇಲ್ಲವಾದರೆ ನಿಮ್ಮ ತೊಡಕನ್ನು ಫಾದರ್ ತಲೆಗೆ ಕಟ್ಟಿದಂತೆ.

ದಂತವಲ್ಲ, ಮರ ಅಥವಾ ಮೂಳೆ ಎಂದಾದರೂ ನೂರು ವರ್ಷ ದಾಟಿದ ಶಿಲ್ಪವಾದರೆ 1972ರದೇ ಇನ್ನೊಂದು ಕಾಯ್ದೆ, ಪ್ರಾಚೀನ ವಸ್ತುಗಳದ್ದು, ಅನ್ವಯಿಸುತ್ತದೆ. ಮಾರುವ ವ್ಯಾಪಾರಿಗೆ ಪರವಾನಗಿ ಇರಬೇಕು, ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಪರವಾನಗಿ ತೋರಿಸಿ ಎಂದು ಕೇಳಿ ನೋಡಿ. ಅನೇಕರು ಅಲ್ಲಿಗೇ ಫೋನ್ ಇಡುತ್ತಾರೆ.

ಇನ್ನು ಮಳೆಗಾಲದ ಮಾತು. ಕೊಡಗಿನ ಜೂನ್‌ನಿಂದ ಸೆಪ್ಟೆಂಬರ್ ಇಂಥ ವಸ್ತುಗಳಿಗೆ ಯಾವ ಮಾಟಕ್ಕಿಂತಲೂ ಕೆಟ್ಟದ್ದು. ಗಾಳಿಯ ತೇವಾಂಶ ಶೇಕಡ 65ರಿಂದ 70 ದಾಟಿದರೆ ಬೂಷ್ಟು ಬೆಳೆಯುತ್ತದೆ, ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಹೆಂಚಿನ ಮನೆಯೊಳಗೆ ಅದಕ್ಕಿಂತ ಕೆಳಗಿಳಿಯುವ ದಿನವೇ ಅಪರೂಪ. ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶ ಮಾಪಕವನ್ನು ಪೀಠದ ಪಕ್ಕ ಇಡಿ, ಊಹೆ ತಪ್ಪುತ್ತದೆ. ಪಟವನ್ನು ನೈಋತ್ಯದ ಇರಿಚಲು ಹೊಡೆಯುವ ಗೋಡೆಗೆ ತೂಗುಹಾಕಬೇಡಿ, ಒಳಗೋಡೆಗೆ ಹಾಕಿ. ಹಿಂಬದಿಯ ನಾಲ್ಕು ಮೂಲೆಗೆ ಒಂದು ಸೆಂಟಿಮೀಟರ್ ದಪ್ಪದ ಕಾರ್ಕ್ ಅಂಟಿಸಿದರೆ ಗೋಡೆಗೂ ಪಟಕ್ಕೂ ನಡುವೆ ಗಾಳಿ ಆಡುತ್ತದೆ. ಹಸಿ ಮಲ್ಲಿಗೆ ಮಾಲೆಯನ್ನು ಚೌಕಟ್ಟಿಗೆ ತಾಗಿಸುವ ಬದಲು ಪೀಠದ ಮೇಲಿಡಿ.

ಬೂಷ್ಟು ಹಿಡಿದ ಪಟವನ್ನು ಮಳೆ ಹಿಡಿಯುವ ಮೊದಲೇ, ಒಣಹವೆಯ ದಿನ ನೋಡಿ ಬಿಚ್ಚಿ. ಮೊದಲು ಹಿಂದೆ ಮುಂದೆ ಫೋಟೊ ತೆಗೆದುಕೊಳ್ಳಿ. ಹಿಂಬದಿಯ ಚೀಟಿಯಲ್ಲಿ ಅಂಗಡಿಯ ಹೆಸರೋ ಮದುವೆಯ ದಿನಾಂಕವೋ ಇರುವುದುಂಟು. ಮೇಜಿನ ಮೇಲೆ ಬಟ್ಟೆ ಹಾಸಿ ಪಟವನ್ನು ಮುಖ ಕೆಳಗಾಗಿ ಇಟ್ಟು ಮೊಳೆಗಳನ್ನು ಇಕ್ಕಳದಿಂದ ಎಳೆಯಿರಿ, ಸುತ್ತಿಗೆ ಬೇಡ. ಕಾಗದ ಗಾಜಿಗೆ ಅಂಟಿದ್ದರೆ ನಿಲ್ಲಿಸಿ. ಎಳೆದರೆ ಮುಖದ ಬಣ್ಣವೇ ಗಾಜಿನ ಮೇಲೆ ಉಳಿಯುತ್ತದೆ, ಅದು ಪರಿಣತರ ಕೆಲಸ. ಅಂಟಿಲ್ಲದಿದ್ದರೆ ನೆರಳಿನಲ್ಲಿ, ಫ್ಯಾನಿನ ನೇರ ಗಾಳಿ ಇಲ್ಲದ ಕಡೆ, ಒಂದೆರಡು ದಿನ ಒಣಗಲು ಬಿಡಿ. ಹಸಿ ಬೂಷ್ಟು ಒರೆಸಿದರೆ ಕಾಗದದೊಳಕ್ಕೆ ಇಳಿಯುತ್ತದೆ, ಒಣಗಿದ್ದು ಪುಡಿಯಾಗಿ ಎದ್ದು ಬರುತ್ತದೆ. ಎನ್ 95 ಮಾಸ್ಕ್ ಹಾಕಿ, ಮನೆಯ ಹೊರಗೆ, ಮೃದುವಾದ ಅಗಲ ಕುಂಚದಿಂದ ಒಂದೇ ದಿಕ್ಕಿಗೆ ಮೆಲ್ಲಗೆ ತಳ್ಳಿ. ಕಂದು ಚುಕ್ಕೆಗಳು ಹೋಗುವುದಿಲ್ಲ, ಉಜ್ಜಬೇಡಿ. ಕಾಫಿ ಕಣದಲ್ಲಿ ಬಿಸಿಲಿಗಿಟ್ಟರೆ ಬೂಷ್ಟು ಹೋಗುತ್ತದೆ ನಿಜ, ಜೊತೆಗೆ ಕೆಂಪು ಬಣ್ಣವೂ ಹೋಗುತ್ತದೆ, ಕಾಗದ ಸುರುಳಿ ಸುತ್ತುತ್ತದೆ.

ಮತ್ತೆ ಕಟ್ಟಿಸುವಾಗ ಹಳೆಯ ಮರದ ಹಿಂಬದಿ ಹಲಗೆ ಬೇಡ. ಅದರ ಆಮ್ಲವೇ ಕಾಗದವನ್ನು ಕಂದಾಗಿಸಿದ್ದು. ಆಮ್ಲರಹಿತ ಬೋರ್ಡ್ ಕೇಳಿ, ಗಾಜಿಗೂ ಚಿತ್ರಕ್ಕೂ ನಡುವೆ ಎರಡು ಮಿಲಿಮೀಟರಿನಷ್ಟು ಮೌಂಟ್ (ರಟ್ಟಿನ ಅಂಚು) ಹಾಕಿಸಿ. ಲ್ಯಾಮಿನೇಷನ್ ಮಾಡಿಕೊಡುತ್ತೇನೆ ಎನ್ನುವ ಸ್ಟುಡಿಯೋಗೆ ಪಟ ಕೊಡಬೇಡಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಆಮೇಲೆ ಯಾರೂ ತೆಗೆಯಲಾರರು. ಕೆತ್ತನೆಯ ಚೌಕಟ್ಟನ್ನು ತಪ್ಪದೆ ಉಳಿಸಿಕೊಳ್ಳಿ.

ಶಿಲುಬೆಯ ಮರದಲ್ಲಿ ಒಂದೆರಡು ಮಿಲಿಮೀಟರಿನ ದುಂಡು ತೂತುಗಳಿದ್ದರೆ ಹುಳು ಈಗಲೂ ಇದೆಯೇ ಎಂದು ತಿಳಿಯಲು ಕಪ್ಪು ಕಾಗದದ ಮೇಲೆ ಮೂರು ವಾರ ನಿಲ್ಲಿಸಿ. ಹೊಸ ತಿಳಿಬಣ್ಣದ ಪುಡಿ ಉದುರಿದರೆ ಇದೆ. ಬರೀ ಮರದ ವಸ್ತುವಾದರೆ ಪಾಲಿಥಿನ್‌ನಲ್ಲಿ ಎರಡು ಸುತ್ತು ಬಿಗಿದು ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಹುಳು ಸಾಯುತ್ತದೆ. ಹೊರತೆಗೆದು ಒಂದು ದಿನ ಕಳೆಯುವವರೆಗೆ ಚೀಲ ಬಿಚ್ಚಬಾರದು, ಬಿಚ್ಚಿದರೆ ಮರ ಬೆವರುತ್ತದೆ. ದಂತ ಅಥವಾ ಬಣ್ಣ ಬಳಿದ ಸ್ವರೂಪ ಸೇರಿದ್ದರೆ ಈ ದಾರಿ ಬೇಡ, ಸೀಳುತ್ತದೆ. ಅಂಥದ್ದಕ್ಕೆ ಪರಂಪರೆಯ ವಸ್ತುಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರಿನ ಸಂರಕ್ಷಣಾ ಕೇಂದ್ರದವರನ್ನು ಕೇಳಬಹುದು. ದಂತವಿದ್ದರೆ ಮೊದಲು ಫೋಟೊ ಮಾತ್ರ ಕಳಿಸಿ. ಸೀಮೆಎಣ್ಣೆ, ತೆಂಗಿನೆಣ್ಣೆ, ಫ್ರೆಂಚ್ ಪಾಲಿಷ್ ಯಾವುದೂ ಬೇಡ, ಎಣ್ಣೆಗೆ ದೂಳು ಅಂಟಿ ಬೂಷ್ಟಿಗೆ ಊಟವಾಗುತ್ತದೆ. ದಂತದ ಹಳದಿ ಬಣ್ಣ ಕೊಳೆಯಲ್ಲ, ನಿಂಬೆಹುಳಿ, ಟೂತ್‌ಪೇಸ್ಟ್ ಹಚ್ಚಿದರೆ ಮೇಲ್ಮೈ ತಿಂದುಹೋಗುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಒಣ ಸಿಲಿಕಾ ಜೆಲ್ ಸುರಿದು ಶಿಲುಬೆ ಇಡುವುದೂ ತಪ್ಪು. ತೇವ ತಟ್ಟನೆ ಇಳಿದರೆ ದಂತವೂ ಮರವೂ ಬಿರಿಯುತ್ತವೆ. ಒಲೆಯ ಹೊಗೆ ತಾಗದ ಒಳಕೋಣೆಯ ಕಪಾಟು, ಹತ್ತಿಬಟ್ಟೆಯ ಹೊದಿಕೆ, ಹದಿನೈದು ದಿನಕ್ಕೊಮ್ಮೆ ತೆಗೆದು ನೋಡುವುದು, ಇಷ್ಟು ಸಾಕು.

ಪೆಲಿಕನ್ ಚಿತ್ರದ ಗಾಜು ಒಡೆದದ್ದು ಅಪಶಕುನವಲ್ಲ, ಆದರೆ ಚೂರು ಕಾಗದ ಕುಯ್ಯುತ್ತದೆ, ಬೇಗ ಬದಲಿಸಿ.

ಕಾವೇರಿಗೆ ಬಿಡುವ ಸಲಹೆ ಕಥೋಲಿಕ ವಾಡಿಕೆಯಲ್ಲ. ಗುರುಗಳು ಆಶೀರ್ವದಿಸಿದ ವಸ್ತು ಬಳಕೆಗೆ ಬಾರದಂತಾದರೆ ಸುಡುವುದು ಅಥವಾ ತುಳಿಯದ ಜಾಗದಲ್ಲಿ ಹೂಳುವುದು ರೂಢಿ. ಗರಿಗಳ ಭಾನುವಾರದ ಹಳೆಯ ಓಲೆಗರಿಗಳನ್ನು ಸುಟ್ಟು ವಿಭೂತಿ ಬುಧವಾರದ ಬೂದಿ ಮಾಡುವುದೂ ಇದೇ ಕ್ರಮ. ಹೊಳೆಗೆ ಹೋದ ಗಾಜು ಕೆಳಗಿನ ಊರಿನವರ ಕಾಲಿಗೆ ಚುಚ್ಚುತ್ತದೆ. ನಿಮ್ಮ ಮೂರರಲ್ಲಿ ಯಾವುದೂ ಅಂಥ ಸ್ಥಿತಿಗೆ ಬಂದಿಲ್ಲ. ಅಣ್ಣನ ಮನಸ್ಸಿಗೆ ಕಷ್ಟವೆಂದಾದರೆ ಅವನು ಬರುವ ಕೋಣೆಯಿಂದ ಪೀಠವನ್ನು ನಿಮ್ಮ ಕೋಣೆಗೆ ಒಯ್ಯಿರಿ. ಪಟ ಮತ್ತು ಹಕ್ಕಿಯ ಚಿತ್ರ ನಿಮಗೆ ಬೇಡವೆಂದಾದರೆ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಿ, ಹೊಸ ಮನೆ ಕಟ್ಟಿದ ಯಾರಾದರೂ ಸಂತೋಷದಿಂದ ಒಯ್ಯಬಹುದು. ಶಿಲುಬೆ ಮಾತ್ರ, ದಂತದ್ದಾದರೆ, ಅರಣ್ಯ ಇಲಾಖೆಯ ಉತ್ತರ ಕೈಗೆ ಬರುವವರೆಗೆ ಮನೆಯಲ್ಲೇ ಇರಲಿ.